ಪಕ್ಕದ ಹೊಲದವನು ನಿಲ್ಲಿಸದೆ ನಾನ್ಯಾಕೆ ನಿಲ್ಲಿಸಲಿ?

ಕೋಲಾರ ಜಿಲ್ಲೆಯ ಒಂದು ತಾಲ್ಲೂಕು ಗ್ರಂಥಾಲಯದಲ್ಲಿ ಆಡಿದ ಮಾತುಗಳಿವು. ಕೇಳಲು ಬಂದವರಲ್ಲಿ ಅರ್ಧ ಜನ ಡಿಗ್ರಿ ಓದುವ ಹುಡುಗ ಹುಡುಗಿಯರು, ಉಳಿದವರು ಹೊಲ ಗದ್ದೆ ಇರುವವರು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಒಪ್ಪ ಮಾಡಿದ್ದೇನೆ, ಅಷ್ಟೇ. ಕೊನೆಯ ಪ್ರಶ್ನೋತ್ತರವನ್ನೂ ಸೇರಿಸಿದ್ದೇನೆ. ನನ್ನ ಭಾಷಣಕ್ಕಿಂತ ಅದೇ ಚೆನ್ನಾಗಿತ್ತು.

ಎಲ್ಲರಿಗೂ ನಮಸ್ಕಾರ.

ಆಮಂತ್ರಣ ಪತ್ರಿಕೆಯಲ್ಲಿ "ಸ್ವಂತ ಹಿತ, ಸಾರ್ವಜನಿಕ ಹಿತ" ಅಂತ ಹಾಕಿಸಿದ್ದೀರಿ. ಅಷ್ಟು ದೊಡ್ಡ ವಿಷಯ ಹಿಡಿದರೆ ನಾನೂ ದಾರಿ ತಪ್ಪುತ್ತೇನೆ, ನೀವೂ ಆಕಳಿಸುತ್ತೀರಿ. ಅದಕ್ಕೆ ನಾನು ಇವತ್ತು ಬೋರ್‌ವೆಲ್ ಬಗ್ಗೆ ಮಾತ್ರ ಮಾತಾಡುತ್ತೇನೆ. ಈ ಊರಲ್ಲಿ ಅದಕ್ಕಿಂತ ದೊಡ್ಡ ಸ್ವಂತ ಹಿತವೂ ಇಲ್ಲ, ದೊಡ್ಡ ಸಾರ್ವಜನಿಕ ಹಿತವೂ ಇಲ್ಲ.

ಮೊದಲು ಒಂದು ಆಟ ಆಡೋಣ. ಐದು ಜನ ಮುಂದೆ ಬನ್ನಿ.

(ಐದು ಜನ ಬಂದರು. ನಡುವೆ ಒಂದು ಸ್ಟೀಲ್ ತಟ್ಟೆ ಇಟ್ಟೆ. ಅದರಲ್ಲಿ 50 ಹುಣಸೆ ಬೀಜ.)

ಇದು ನಿಮ್ಮ ಐವರ ಹೊಲದ ಕೆಳಗಿರುವ ನೀರು. ಒಂದು ಸುತ್ತು ಅಂದರೆ ಒಂದು ವರ್ಷ. ಪ್ರತಿ ವರ್ಷ ನೀವು ಚೀಟಿಯಲ್ಲಿ ರಾಗಿ ಅಥವಾ ಟೊಮೆಟೊ ಅಂತ ಬರೆದು, ಮಡಚಿ ನನಗೆ ಕೊಡಬೇಕು. ರಾಗಿ ಇಟ್ಟರೆ ಒಂದು ಬೀಜ ಖರ್ಚು, 3 ರೂಪಾಯಿ ಲಾಭ. ಟೊಮೆಟೊ ಇಟ್ಟರೆ ಮೂರು ಬೀಜ ಖರ್ಚು, 5 ರೂಪಾಯಿ ಲಾಭ. ವರ್ಷದ ಕೊನೆಗೆ ಮಳೆ ಬರುತ್ತದೆ, ಆಗ ನಾನು 5 ಬೀಜ ತಟ್ಟೆಗೆ ಹಾಕುತ್ತೇನೆ. ಹತ್ತು ವರ್ಷ ಆಡುತ್ತೇವೆ. ನಡುವೆ ಬೀಜ ಸಾಲದೆ ಹೋದರೆ ಅಲ್ಲಿಗೆ ಆಟ ಮುಗೀತು. ಮಾತಾಡುವ ಹಾಗಿಲ್ಲ.

ಲೆಕ್ಕ ಕಷ್ಟದ್ದೇನಲ್ಲ. ಐವರೂ ರಾಗಿ ಇಟ್ಟರೆ ಐದು ಬೀಜ ಹೋಗುತ್ತವೆ, ಐದು ಬರುತ್ತವೆ, ತಟ್ಟೆ ಹಾಗೇ ಇರುತ್ತದೆ. ಹತ್ತು ವರ್ಷಕ್ಕೆ ತಲಾ 30 ರೂಪಾಯಿ. ಐವರೂ ಟೊಮೆಟೊ ಇಟ್ಟರೆ ವರ್ಷಕ್ಕೆ ಹದಿನೈದು ಹೋಗಿ ಐದು ಬರುತ್ತವೆ. ಐದನೇ ವರ್ಷಕ್ಕೆ ಬೀಜ ಸಾಲುವುದಿಲ್ಲ, ತಲಾ 20 ರೂಪಾಯಿಗೆ ಎಲ್ಲ ಮುಗಿದಿರುತ್ತದೆ. ಆದರೆ ಚೀಟಿ ಬರೆಯುವವನ ತಲೆಯಲ್ಲಿ ಓಡುವುದು ಬೇರೆ ಲೆಕ್ಕ. ಉಳಿದ ನಾಲ್ವರು ಏನೇ ಬರೆಯಲಿ, ನಾನು ಟೊಮೆಟೊ ಬರೆದರೆ ನನಗೆ ಎರಡು ರೂಪಾಯಿ ಜಾಸ್ತಿ. ಅವರು ರಾಗಿ ಇಟ್ಟರೂ ಜಾಸ್ತಿ, ಟೊಮೆಟೊ ಇಟ್ಟರೂ ಜಾಸ್ತಿ.

(ಮೊದಲ ಸುತ್ತಿನಲ್ಲಿ ಇಬ್ಬರು ರಾಗಿ ಬರೆದಿದ್ದರು. ಮೂರನೇ ಸುತ್ತಿಗೆ ಅವರೂ ಟೊಮೆಟೊಗೆ ಬಂದರು. ಆರನೇ ವರ್ಷ ತಟ್ಟೆಯಲ್ಲಿ ಉಳಿದದ್ದು ಆರೇ ಬೀಜ, ಬೇಕಾಗಿದ್ದದ್ದು ಹದಿನೈದು.)

ಈಗ ಎರಡನೇ ತಂಡ. ನೀವು ಮಾತಾಡಿಕೊಳ್ಳಬಹುದು, ಆದರೆ ಚೀಟಿ ಮಾತ್ರ ಗುಟ್ಟು.

(ಇವರು ಜೋರಾಗಿ ಒಪ್ಪಂದ ಮಾಡಿಕೊಂಡರು. "ಎಲ್ಲರೂ ರಾಗಿ, ಆಯ್ತಾ?" "ಆಯ್ತು." ಎರಡು ವರ್ಷ ಸರಿಯಾಗಿ ನಡೆಯಿತು. ಮೂರನೇ ವರ್ಷ ನಾನು ತಟ್ಟೆಯಿಂದ ಐದರ ಬದಲು ಏಳು ಬೀಜ ತೆಗೆದೆ. ಐವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಯಾರೋ ಅದು?" ಅಂದರೆ ಉತ್ತರ ಇಲ್ಲ, ಎಲ್ಲರೂ ನಗುತ್ತಿದ್ದಾರೆ. ನಾಲ್ಕನೇ ವರ್ಷ ಮೂರು ಟೊಮೆಟೊ ಬಂದವು.)

ಮೂರನೇ ತಂಡಕ್ಕೆ ಬದಲಾಯಿಸಿದ್ದು ಒಂದೇ. ಚೀಟಿಯ ಮೇಲೆ ಹೆಸರು ಬರೆಯಬೇಕು, ನಾನು ಗಟ್ಟಿಯಾಗಿ ಓದುತ್ತೇನೆ. ಅವರದ್ದು ಹತ್ತು ವರ್ಷ ನಡೆಯಿತು. ನಡುವೆ ಒಬ್ಬ ಟೊಮೆಟೊ ಇಟ್ಟ, ಉಳಿದವರು "ಮುಂದಿನ ವರ್ಷ ನಮ್ಮ ಸರದಿ" ಅಂದರು, ಆಮೇಲೆ ವರ್ಷಕ್ಕೊಬ್ಬರಂತೆ ಟೊಮೆಟೊ ಅಂತ ಅವರೇ ಒಂದು ಸರದಿ ಮಾಡಿಕೊಂಡರು. ನಾನು ಹೇಳಿಕೊಟ್ಟಿರಲಿಲ್ಲ. ಆಟ ಮುಗಿದಾಗ ತಟ್ಟೆ ತುಂಬಿರಲಿಲ್ಲ, ಖಾಲಿಯೂ ಆಗಿರಲಿಲ್ಲ.

ಇದು ನನ್ನ ಸ್ವಂತ ಆಟ ಅಲ್ಲ. ಆಂಧ್ರದ ಹಳ್ಳಿಗಳಲ್ಲಿ ಸಂಶೋಧಕರು ಇಂಥದ್ದೇ ಆಟವನ್ನು ರೈತರ ಹತ್ತಿರ ಆಡಿಸಿದ್ದಾರೆ. ಅಲ್ಲಿಯೂ ಕಡಿಮೆ ನೀರಿನ ಬೆಳೆ, ಜಾಸ್ತಿ ನೀರಿನ ಬೆಳೆ, ಐದು ಜನ. ನಾನು ಅದಕ್ಕೆ ಹುಣಸೆ ಬೀಜ ಸೇರಿಸಿದ್ದೇನೆ.

ಗಮನಿಸಿ. ಮೂರೂ ತಂಡಗಳಲ್ಲಿ ಇದ್ದವರು ಇದೇ ಊರಿನವರು. ಮೊದಲ ತಂಡದಲ್ಲಿ ದುರಾಸೆಯವರು, ಮೂರನೆಯದರಲ್ಲಿ ಸಂತರು ಅಂತ ನಾನು ಆರಿಸಿ ಕೂರಿಸಲಿಲ್ಲ. ಬದಲಾದದ್ದು ಯಾರಿಗೆ ಏನು ಕಾಣುತ್ತದೆ ಅನ್ನುವುದು ಮಾತ್ರ. ನಾನು ಇವತ್ತು ಹೇಳಬೇಕು ಅಂದುಕೊಂಡು ಬಂದದ್ದೂ ಇದನ್ನೇ. ಜನ ಸ್ವಾರ್ಥಿಗಳಾಗಿಬಿಟ್ಟಿದ್ದಾರೆ ಅಂತ ಕೊರಗುವುದರಿಂದ ಒಂದು ಬಿಂದಿಗೆ ನೀರೂ ಬರಲ್ಲ.

ಈಗ ತಟ್ಟೆ ಬಿಟ್ಟು ಹೊಲಕ್ಕೆ ಬನ್ನಿ.

ಬೋರ್ ಕೊರೆಸುವುದನ್ನು ನೀವೆಲ್ಲ ನೋಡಿದ್ದೀರಿ. ತಿರುಚೆಂಗೋಡಿನ ಕಡೆಯ ರಿಗ್ ಲಾರಿ ರಾತ್ರಿ ಬಂದು ನಿಲ್ಲುತ್ತದೆ. ಅದಕ್ಕೂ ಮೊದಲು ಪಾಯಿಂಟ್ ನೋಡುವವರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲವೆಲ್ಲ ಸುತ್ತಿರುತ್ತಾರೆ. ಪೂಜೆ ಆಗುತ್ತದೆ. ಕಂಪ್ರೆಸರ್ ಶುರುವಾದರೆ ಪಕ್ಕದಲ್ಲಿ ನಿಂತವನ ಮಾತು ಕೇಳಲ್ಲ. ಕಲ್ಲಿನ ಪುಡಿ ಹೊಗೆಯ ಹಾಗೆ ಮೇಲೇಳುತ್ತದೆ, ಎಲ್ಲರ ತಲೆ, ಹುಬ್ಬು ಬೂದಿ ಬಣ್ಣಕ್ಕೆ ತಿರುಗುತ್ತದೆ. ಮುನ್ನೂರು ಅಡಿ, ಐನೂರು ಅಡಿ, ಒಂದೊಂದು ರಾಡ್ ಇಳಿದಾಗಲೂ ಮನೆಯವನು ಮನಸ್ಸಿನಲ್ಲೇ ದುಡ್ಡಿನ ಲೆಕ್ಕ ಹಾಕುತ್ತಿರುತ್ತಾನೆ. ಅವನ ಹೆಂಡತಿ ಸ್ವಲ್ಪ ದೂರದಲ್ಲಿ ಕೂತು ಬರೀ ಆ ಪುಡಿಯನ್ನೇ ನೋಡುತ್ತಿರುತ್ತಾಳೆ, ಅದು ಒದ್ದೆಯಾಗುವುದನ್ನು ಕಾಯುತ್ತಾ. ಬದುವಿನ ಮೇಲೆ ಇನ್ನೊಬ್ಬನೂ ನಿಂತಿರುತ್ತಾನೆ, ಪಕ್ಕದ ಹೊಲದವನು. ಅವನೂ ಅದನ್ನೇ ನೋಡುತ್ತಿದ್ದಾನೆ. ಆದರೆ ಅವನ ಮನಸ್ಸಿನಲ್ಲಿರುವ ಹರಕೆ ಬೇರೆ. ಇಲ್ಲಿ ಎರಡಿಂಚು ನೀರು ಬಿದ್ದರೆ ನನ್ನ ಬೋರಿನಲ್ಲಿ ಎಷ್ಟು ಉಳಿಯುತ್ತದೋ ಅನ್ನುವುದು ಅವನ ಚಿಂತೆ.

ಆ ಚಿಂತೆ ಸುಳ್ಳಲ್ಲ. ನಮ್ಮದು ಗಟ್ಟಿ ಕಲ್ಲಿನ ನೆಲ. ಮೇಲೆ ಸ್ವಲ್ಪ ಆಳದವರೆಗೆ ಕೊಳೆತ ಕಲ್ಲು, ಅದರ ಕೆಳಗೆ ಗ್ರಾನೈಟು, ನೈಸ್ ಶಿಲೆ. ನೀರು ಇರುವುದು ಆ ಕೊಳೆತ ಪದರದಲ್ಲಿ ಮತ್ತು ಬಂಡೆಯ ಬಿರುಕುಗಳಲ್ಲಿ. ಕೆಳಗೆ ದೊಡ್ಡ ಸಮುದ್ರ ಇದೆ, ಆಳಕ್ಕೆ ಹೋದಷ್ಟೂ ಸಿಗುತ್ತದೆ ಅಂತ ತುಂಬ ಜನ ನಂಬಿದ್ದಾರೆ. ಹಾಗಿಲ್ಲ. ಆಳಕ್ಕೆ ಹೋದಷ್ಟೂ ಬಿರುಕು ಕಡಿಮೆಯಾಗುತ್ತಾ ಹೋಗುತ್ತದೆ. ನಿಮ್ಮ ಬೋರೂ ಪಕ್ಕದವನ ಬೋರೂ ಒಂದೇ ಬಿರುಕಿಗೆ ಸೇರಿದ್ದರೆ ಇಬ್ಬರೂ ಒಂದೇ ನೀರನ್ನು ಎಳೆಯುತ್ತಿದ್ದೀರಿ, ಅಷ್ಟೇ.

ಕಾನೂನು ಏನನ್ನುತ್ತದೆ? 1882ರ ಈಸ್‌ಮೆಂಟ್ಸ್ ಕಾಯ್ದೆಯ ಕಾಲದಿಂದಲೂ ನಡೆದುಕೊಂಡು ಬಂದಿರುವುದು ಒಂದೇ ಮಾತು: ನೆಲ ನಿನ್ನದಾದರೆ ಅದರ ಕೆಳಗಿನ ನೀರನ್ನು ಎತ್ತುವ ಹಕ್ಕು ನಿನ್ನದು. ನೀರು ಮಾತ್ರ ಸರ್ವೆ ನಂಬರ್ ನೋಡಿ ನಿಲ್ಲುವುದಿಲ್ಲ. ಕರ್ನಾಟಕದಲ್ಲಿ 2011ರ ಅಂತರ್ಜಲ ಕಾಯ್ದೆ ಬಂತು, ಬೋರ್‌ವೆಲ್ ನೋಂದಣಿ ಆಗಬೇಕು, ಅಧಿಸೂಚಿತ ಪ್ರದೇಶದಲ್ಲಿ ಅನುಮತಿ ಬೇಕು ಅಂತೆಲ್ಲ ಇದೆ. ಇಲ್ಲಿ ಕೂತವರಲ್ಲಿ ಎಷ್ಟು ಜನ ಅನುಮತಿ ತಗೊಂಡು ಕೊರೆಸಿದಿರಿ ಅಂತ ನಾನು ಕೇಳಲ್ಲ. (ನಗು.) ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ. ಒಂದು ಗಂಟೆ ಓಡಿಸಿದರೂ ಅಷ್ಟೇ, ಏಳು ಗಂಟೆ ಓಡಿಸಿದರೂ ಅಷ್ಟೇ. ಇದರ ಮೇಲೆ ಟೊಮೆಟೊ ರೇಟು. 2023ರ ಜುಲೈನಲ್ಲಿ ಕೋಲಾರದ ಮಂಡಿಯಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿತು. ಬೇರೆ ವರ್ಷ ರಸ್ತೆಗೆ ಸುರಿದು ಹೋದವರೂ ಇವರೇ, ಅದು ಬೇರೆ ಮಾತು. ಆದರೆ ಅಂಥ ಒಂದು ಜುಲೈ ಸಾಕು, ಐದು ವರ್ಷ ಬೋರ್ ಕೊರೆಸುವ ಧೈರ್ಯ ಬರುತ್ತದೆ. ಸಾಲ ಇರುವ ಮನುಷ್ಯ, ನೀರು ಎಳೆಯಲು ಕಾನೂನು ಬಿಟ್ಟಿರುವ ಮನುಷ್ಯ, ತಾನು ಎಳೆಯದಿದ್ದರೆ ಪಕ್ಕದವನು ಹೇಗೂ ಎಳೆಯುತ್ತಾನೆ ಅಂತ ಗೊತ್ತಿರುವ ಮನುಷ್ಯ ಬೋರ್ ಕೊರೆಸದೆ ಇನ್ನೇನು ಮಾಡಬೇಕು? ಅವನ ಜಾಗದಲ್ಲಿ ನಾನಿದ್ದರೂ ಕೊರೆಸುತ್ತಿದ್ದೆ.

ಹತ್ತು ಜನರ ನಡುವೆ ಹಾವು ಸಾಯಲ್ಲ ಅಂತ ನಮ್ಮ ಹಿರಿಯರು ಹೇಳುತ್ತಾರೆ. ಪ್ರತಿಯೊಬ್ಬನೂ ಇನ್ನೊಬ್ಬ ಹೊಡೆಯುತ್ತಾನೆ ಅಂತ ನಿಂತಿರುತ್ತಾನೆ. ಹೊಂಡಕ್ಕೆ ಹಾಲು ಸುರಿಯಿರಿ ಅಂದಾಗ ಎಲ್ಲರೂ ಕತ್ತಲಲ್ಲಿ ನೀರು ಸುರಿದ ಕಥೆಯೂ ನಿಮಗೆ ಗೊತ್ತು, ಅದನ್ನು ಮತ್ತೆ ಹೇಳಲ್ಲ. ಈ ಅನುಭವವನ್ನೇ ಗ್ಯಾರೆಟ್ ಹಾರ್ಡಿನ್ ಅನ್ನುವ ಅಮೆರಿಕದ ಜೀವವಿಜ್ಞಾನಿ 1968ರಲ್ಲಿ ಒಂದು ಲೇಖನ ಮಾಡಿ ಬರೆದ. ಎಲ್ಲರಿಗೂ ತೆರೆದಿರುವ ಹುಲ್ಲುಗಾವಲು, ಪ್ರತಿಯೊಬ್ಬನೂ ಇನ್ನೊಂದು ದನ ಬಿಡುತ್ತಾ ಹೋಗುತ್ತಾನೆ, ಲಾಭ ಪೂರ್ತಿ ಅವನಿಗೆ, ನಷ್ಟ ಎಲ್ಲರಿಗೂ ಹಂಚಿ, ಕೊನೆಗೆ ಹುಲ್ಲೇ ಇರಲ್ಲ. ಇದರಿಂದ ಪಾರಾಗಲು ಒಂದೋ ಅದನ್ನು ಖಾಸಗಿ ಮಾಡಬೇಕು, ಇಲ್ಲ ಸರ್ಕಾರ ಕೋಲು ಹಿಡಿಯಬೇಕು ಅಂತ ಅವನನ್ನು ಓದಿದವರು ಪಾಠ ಕಲಿತರು. ನಮ್ಮ ಗೋಮಾಳಗಳು ಏನಾದವು ಅಂತ ನೋಡಿದರೆ ಅವನ ಮಾತು ನಿಜ ಅನ್ನಿಸುತ್ತದೆ. ಆದರೆ ಅವನು ಹೇಳಿದ್ದು ಹೇಳುವವರು ಕೇಳುವವರು ಇಲ್ಲದ ಜಾಗದ ಬಗ್ಗೆ. ನಿರ್ವಹಣೆ ಇಲ್ಲದ ಸಾಮೂಹಿಕ ಆಸ್ತಿ ಅಂತ ತಾನು ಹೇಳಬೇಕಿತ್ತು ಅಂತ ಮುಂದೆ ಅವನೇ ಒಪ್ಪಿಕೊಂಡ.

ಹಾರ್ಡಿನ್ ಆ ಲೇಖನ ಬರೆಯುವ ಮೂರು ವರ್ಷ ಮೊದಲೇ, 1965ರಲ್ಲಿ, ಲಾಸ್ ಏಂಜಲೀಸಿನಲ್ಲಿ ಒಬ್ಬ ಹೆಣ್ಣುಮಗಳು ಪಿಎಚ್‌ಡಿ ಮುಗಿಸಿದ್ದರು. ಎಲಿನಾರ್ ಆಸ್ಟ್ರಮ್. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ. ಅವರ ಪಿಎಚ್‌ಡಿ ವಿಷಯ ಏನು ಗೊತ್ತಾ? ಬೋರ್‌ವೆಲ್ಲು. ನಾನು ಸುಮ್ನೆ ಹೇಳುತ್ತಿಲ್ಲ. ಲಾಸ್ ಏಂಜಲೀಸ್ ಕರಾವಳಿಯ ಕೆಳಗೆ ವೆಸ್ಟ್ ಬೇಸಿನ್ ಅನ್ನುವ ಅಂತರ್ಜಲದ ಪ್ರದೇಶ ಇದೆ. ಊರುಗಳು, ನೀರು ಸರಬರಾಜು ಕಂಪನಿಗಳು, ಎಣ್ಣೆ ಕಂಪನಿಗಳು, ಸಣ್ಣ ಪುಟ್ಟ ಬಾವಿಗಳವರು, ಹೀಗೆ ನೂರಾರು ಜನ ಅಲ್ಲಿಂದ ನೀರೆತ್ತುತ್ತಿದ್ದರು. ನೀರಿನ ಮಟ್ಟ ಇಳಿದಂತೆಲ್ಲ ಸಮುದ್ರದ ಉಪ್ಪು ನೀರು ಒಳಗೆ ನುಗ್ಗಲು ಶುರುವಾಯಿತು. ದಡದ ಹತ್ತಿರ ಇದ್ದವರ ಬಾವಿ ಮೊದಲು ಕೆಟ್ಟಿತು. ಒಳಗೆ ದೂರ ಇದ್ದವರಿಗೆ ಏನೂ ಆಗಿರಲಿಲ್ಲ, ಅವರು "ನಮಗೇನು" ಅಂದರು. ಮನುಷ್ಯರು ಎಲ್ಲ ಕಡೆ ಮನುಷ್ಯರೇ.

1945ರಲ್ಲಿ ಕೆಲವರು ಕೋರ್ಟಿಗೆ ಹೋದರು. ಮರುವರ್ಷ ನೀರೆತ್ತುವವರೆಲ್ಲ ಸೇರಿ ಒಂದು ಸಂಘ ಕಟ್ಟಿದರು. ಕೋರ್ಟ್ ಕೇಸ್ ಅಂದರೆ ನಮ್ಮಲ್ಲಿ ಜಗಳ ಮುಂದುವರಿಸುವ ಜಾಗ, ಅಲ್ವಾ? ಅಲ್ಲಿ ಅದು ಲೆಕ್ಕ ಒಂದೆಡೆ ಸೇರಿಸುವ ಜಾಗ ಆಯಿತು. ಯಾರು ಯಾವ ವರ್ಷ ಎಷ್ಟು ನೀರೆತ್ತಿದರು, ಕೆಳಗೆ ಎಷ್ಟಿದೆ, ಎಷ್ಟು ತುಂಬುತ್ತಿದೆ ಅನ್ನುವುದನ್ನು ಒಂದು ತಟಸ್ಥ ಸರ್ಕಾರಿ ಇಲಾಖೆಯಿಂದ ಅಳೆಸಿದರು. ಮೊದಲ ಸಲ ಎಲ್ಲರ ಮುಂದೆ ಒಂದೇ ಚಿತ್ರ ಬಂತು. ಆಮೇಲೆ ಎಲ್ಲರೂ ಎಳೆಯುವುದನ್ನು ಕಡಿಮೆ ಮಾಡಬೇಕು ಅನ್ನುವ ಒಪ್ಪಂದ. ನನಗೆ ಈ ಇಡೀ ಕಥೆಯಲ್ಲಿ ತುಂಬ ಇಷ್ಟವಾದದ್ದು ಈ ಒಪ್ಪಂದದ ಒಂದು ಷರತ್ತು. ಒಟ್ಟು ನೀರಿನ ಹಕ್ಕಿನಲ್ಲಿ ಶೇಕಡ 80ರಷ್ಟು ಇರುವವರು ಸಹಿ ಹಾಕುವವರೆಗೆ ಅದು ಯಾರಿಗೂ ಅನ್ವಯಿಸುವುದಿಲ್ಲ. ಅಂದರೆ ಮೊದಲು ಸಹಿ ಹಾಕಿದವನು ಪೆದ್ದ ಆಗುವುದಿಲ್ಲ. ಸಾಕಷ್ಟು ಜನ ಬರದಿದ್ದರೆ ಅವನಿಗೇನೂ ನಷ್ಟವಿಲ್ಲ, ಬಂದರೆ ಎಲ್ಲರಿಗೂ ಒಟ್ಟಿಗೆ ಅನ್ವಯ. "ಪಕ್ಕದವನು ನಿಲ್ಲಿಸಿದರೆ ನಾನೂ ನಿಲ್ಲಿಸುತ್ತೇನೆ" ಅನ್ನುವ ಮಾತನ್ನು ನಾವು ನೆಪ ಅಂತ ಬೈಯುತ್ತೇವೆ. ಅವರು ಅದನ್ನೇ ಕಾಗದದ ಮೇಲೆ ಬರೆದು ನಿಯಮ ಮಾಡಿದರು.

1955ರಲ್ಲಿ ಕಡಿತ ಶುರುವಾಯಿತು. ಅಂತಿಮ ತೀರ್ಪು ಬರುವಾಗ 1961. ನಡುವೆ 1959ರಲ್ಲಿ ಅಲ್ಲಿನ ಜನ ವೋಟು ಹಾಕಿ ಒಂದು ಜಲ ಮರುಪೂರಣ ಜಿಲ್ಲೆ ಮಾಡಿಕೊಂಡು, ಎತ್ತಿದ ನೀರಿನ ಮೇಲೆ ತೆರಿಗೆ ಹಾಕಿಕೊಂಡರು. ದಡದ ಉದ್ದಕ್ಕೂ ಬಾವಿಗಳ ಸಾಲು ಕೊರೆದು ಅದರೊಳಕ್ಕೆ ಸಿಹಿ ನೀರು ತಳ್ಳಿ ಸಮುದ್ರವನ್ನು ತಡೆದರು. ಪ್ರತಿ ವರ್ಷ ಯಾರು ಎಷ್ಟು ಎತ್ತಿದರು ಅನ್ನುವ ಪಟ್ಟಿ ಅಚ್ಚಾಗಿ ಎಲ್ಲರ ಕೈಗೆ ಬರುತ್ತದೆ. ಹೆಸರು ಸಮೇತ. ನಮ್ಮ ಮೂರನೇ ತಂಡದ ಚೀಟಿಯ ಹಾಗೆ.

ಇಲ್ಲಿ ಒಂದು ಮಾತು ಹೇಳದೆ ಹೋದರೆ ಮೋಸ ಆಗುತ್ತದೆ. ಅವರಿಗೆ ಕೊಲರಾಡೋ ನದಿಯ ನೀರು ಪೈಪಿನಲ್ಲಿ ಬರುತ್ತಿತ್ತು. ಬೋರು ಕಡಿಮೆ ಮಾಡಿದರೂ ಬಾಯಾರಿ ಸಾಯುವ ಸ್ಥಿತಿ ಇರಲಿಲ್ಲ. ದುಡ್ಡೂ ಇತ್ತು. ಹಾಗಾಗಿ ಅಮೆರಿಕ ನೋಡಿ ಕಲಿಯಿರಿ ಅಂತ ನಾನು ಹೇಳುತ್ತಿಲ್ಲ. ದಯವಿಟ್ಟು ಹಾಗೆ ವರದಿ ಮಾಡಬೇಡಿ.

ಹತ್ತಿರದ್ದೇ ನೋಡಿ. ಆಂಧ್ರದ ಕರ್ನೂಲು ಜಿಲ್ಲೆಯ ಕಾಲುವೆ ಹಳ್ಳಿಗಳಲ್ಲಿ ರಾಬರ್ಟ್ ವೇಡ್ ಅನ್ನುವ ಸಂಶೋಧಕರು ವರ್ಷಗಟ್ಟಲೆ ಓಡಾಡಿದರು. ಕೆಲವು ಹಳ್ಳಿಗಳಲ್ಲಿ ಊರಿನವರೇ ದುಡ್ಡು ಹಾಕಿ ನೀರು ಹಂಚುವವರನ್ನು, ಹೊಲ ಕಾಯುವವರನ್ನು ಇಟ್ಟುಕೊಂಡಿದ್ದರು. ಕೆಲವೇ ಮೈಲಿ ಆಚೆಗಿನ ಹಳ್ಳಿಗಳಲ್ಲಿ ಅಂಥದ್ದೇನೂ ಇಲ್ಲ. ಜನ ಅದೇ, ಜಾತಿ ಅದೇ, ಭಾಷೆ ಅದೇ. ಏನು ವ್ಯತ್ಯಾಸ? ಕಾಲುವೆಯ ಕೊನೆಗಿದ್ದ ಹಳ್ಳಿಗಳಲ್ಲೇ ಈ ಏರ್ಪಾಡು ಜಾಸ್ತಿ ಕಂಡಿತು. ಅಲ್ಲಿ ನೀರು ಬರುವುದು ಗ್ಯಾರಂಟಿ ಇಲ್ಲ, ಕಿತ್ತಾಡಿದರೆ ಬೆಳೆಯೇ ಹೋಗುತ್ತದೆ. ಮೇಲಿನವರಿಗೆ ನೀರು ಹೇಗೂ ಬರುತ್ತದೆ, ಅವರಿಗೆ ಸಭೆ ಯಾಕೆ ಬೇಕು? ಸಹಕಾರ ಅವರ ಒಳ್ಳೇತನದಿಂದ ಬಂದಿರಲಿಲ್ಲ, ಅಗತ್ಯದಿಂದ ಬಂದಿತ್ತು.

ಇನ್ನು ನಮ್ಮ ಕೆರೆ. ಕರ್ನಾಟಕದಲ್ಲಿ 36,000ಕ್ಕೂ ಹೆಚ್ಚು ಕೆರೆಗಳಿವೆ ಅನ್ನುತ್ತಾರೆ, ಅದರಲ್ಲಿ ಕೋಲಾರದ ಸೀಮೆಯದ್ದೇ ದೊಡ್ಡ ಪಾಲು. ಒಂದು ಕೆರೆ ಕೋಡಿ ಬಿದ್ದರೆ ಕೆಳಗಿನದಕ್ಕೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ, ಹೀಗೆ ಸರಪಳಿ. ಊರಿಗೊಬ್ಬ ನೀರುಗಂಟಿ. ತೂಬು ಎತ್ತುವುದು, ಇಳಿಸುವುದು, ಯಾವ ಗದ್ದೆಗೆ ಎಷ್ಟು ಹೊತ್ತು ಅನ್ನುವುದು ಅವನ ಕೆಲಸ. ನೀರು ಕಡಿಮೆ ಬಂದ ವರ್ಷ ಊರವರು ಏರಿಯ ಮೇಲೆ ಕೂತು ಈ ಸಲ ಇಷ್ಟೇ ಅಚ್ಚುಕಟ್ಟಿಗೆ ಭತ್ತ, ಉಳಿದದ್ದಕ್ಕೆ ಇಲ್ಲ ಅಂತ ತೀರ್ಮಾನ ಮಾಡುತ್ತಿದ್ದರು. ಅದು ಯಾಕೆ ಸಾಧ್ಯವಾಯಿತು ಗೊತ್ತಾ? ಏರಿಯ ಮೇಲೆ ನಿಂತರೆ ನೀರು ಎಷ್ಟಿದೆ ಅಂತ ಮಗುವಿಗೂ ಕಾಣುತ್ತದೆ. ಯಾರ ಗದ್ದೆಗೆ ನೀರು ಹರಿಯುತ್ತಿದೆ ಅಂತಲೂ ಕಾಣುತ್ತದೆ. ಬೋರ್‌ವೆಲ್ ಬಂದ ಮೇಲೆ ಆರೂವರೆ ಇಂಚಿನ ತೂತಿನಲ್ಲಿ ನೀರು ಎಲ್ಲರ ಕಣ್ಣಿಂದ ಮರೆಯಾಯಿತು.

ಹಾಗಂತ ಆ ಕಾಲ ಸ್ವರ್ಗವಾಗಿತ್ತು ಅಂತ ತಿಳಿಯಬೇಡಿ. ನೀರುಗಂಟಿ ಹೆಚ್ಚಿನ ಕಡೆ ದಲಿತರವನು. ಊರ ನೀರೆಲ್ಲ ಅವನ ಕೈಯಲ್ಲಿ, ಆದರೆ ಊರ ಬಾವಿ ಮುಟ್ಟುವ ಹಾಗಿಲ್ಲ. ಅವನಿಗೆ ಸಿಗುತ್ತಿದ್ದದ್ದು ತುಂಡು ಮಾನ್ಯದ ಜಮೀನು, ಸುಗ್ಗಿಯಲ್ಲಿ ಒಂದಿಷ್ಟು ಧಾನ್ಯ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂದು ಇಂಥ ವಂಶಪಾರಂಪರ್ಯದ ಚಾಕರಿಗಳನ್ನು ತೆಗೆದುಹಾಕಿತು. ತೆಗೆದದ್ದು ಸರಿ, ನನಗೆ ಅದರಲ್ಲಿ ಅನುಮಾನವೇ ಇಲ್ಲ. ಆದರೆ ಆ ಕೆಲಸವನ್ನು ಇನ್ನು ಯಾರು ಮಾಡಬೇಕು, ಅವರಿಗೆ ಗೌರವವಾಗಿ ಸಂಬಳ ಯಾರು ಕೊಡಬೇಕು ಅಂತ ಯೋಚಿಸಲಿಲ್ಲ. ಕೆರೆ ಸಣ್ಣ ನೀರಾವರಿ ಇಲಾಖೆಯದ್ದೋ ಪಂಚಾಯಿತಿಯದ್ದೋ ಆಯಿತು, ಊರಿನದ್ದಾಗಿ ಉಳಿಯಲಿಲ್ಲ. ಕೆಲವರ ಬೆವರಿನ ಮೇಲೆ ನಿಂತ ಸಹಕಾರ ಅದು, ಅದನ್ನು ಹಾಗೇ ವಾಪಸ್ ತರಬೇಕು ಅನ್ನುವವರು ನೀರುಗಂಟಿಯ ಮನೆಯಲ್ಲಿ ಹುಟ್ಟಿದವರಲ್ಲ.

ಇನ್ನೂ ಒಂದು. ಸಹಕಾರ ಅಂದ ಕೂಡಲೇ ಒಳ್ಳೆಯದು ಅಂತ ನಾವು ಅಂದುಕೊಳ್ಳುತ್ತೇವೆ. ರಾಜಕಾಲುವೆ ಒತ್ತುವರಿ ಮಾಡುವವರಲ್ಲಿ ಎಂಥ ಸಹಕಾರ ಇರುತ್ತದೆ ನೋಡಿದ್ದೀರಾ? ಸರ್ವೆ ಮಾಡುವವರು, ನಕ್ಷೆ ತಿದ್ದುವವರು, ಸೈಟು ಮಾರುವವರು, ಎಲ್ಲರ ಕೆಲಸವೂ ಗಡಿಯಾರದ ಹಾಗೆ ನಡೆಯುತ್ತದೆ. ರಾತ್ರಿ ಕೆರೆ ಮರಳು ಹೊಡೆಯುವ ಲಾರಿಗಳವರು ಒಬ್ಬರಿಗೊಬ್ಬರು ಫೋನ್ ಮಾಡಿ ಜೀಪು ಬಂತು ಅಂತ ಎಚ್ಚರಿಸುತ್ತಾರೆ. ಅವರ ಒಗ್ಗಟ್ಟಿನಲ್ಲಿ ಕಾಲು ಭಾಗ ನಮ್ಮ ಕೆರೆ ಬಳಕೆದಾರರ ಸಂಘಗಳಲ್ಲಿ ಇದ್ದಿದ್ದರೆ! ಆ ಸಂಘಗಳನ್ನು 2002ರ ಹೊತ್ತಿಗೆ ವಿಶ್ವಬ್ಯಾಂಕಿನ ಸಾಲದ ಯೋಜನೆಯಲ್ಲಿ ಮಾಡಿಸಿದರು. ಯೋಜನೆಯ ದುಡ್ಡು ಇರುವವರೆಗೆ ಸಭೆ ಇತ್ತು. ಆಮೇಲೆ ಎಷ್ಟೋ ಕಡೆ ಬೋರ್ಡು ಉಳಿಯಿತು. ಮೇಲಿಂದ ಸಂಘ ಕಟ್ಟಿ ಕೊಡಲು ಆಗಲ್ಲ ಅನ್ನುವುದು ನನ್ನ ಅಭಿಪ್ರಾಯ, ನೀವು ಒಪ್ಪದಿದ್ದರೆ ಆಮೇಲೆ ಕೇಳಿ.

ಕೆಳಗಿನಿಂದ ಆದದ್ದೂ ಇದೆ. ಮಹಾರಾಷ್ಟ್ರದ ಹಿವರೆ ಬಜಾರ್, ಆಗಿನ ಅಹ್ಮದ್‌ನಗರ ಜಿಲ್ಲೆ. 1989ರ ಚುನಾವಣೆಯಲ್ಲಿ ಪೋಪಟ್‌ರಾವ್ ಪವಾರ್ ಅನ್ನುವ ಓದಿದ ಹುಡುಗ ಸರಪಂಚ್ ಆದ. ಗುಡ್ಡದಲ್ಲಿ ಟ್ರೆಂಚು, ಗಿಡ, ಇವೆಲ್ಲ ಎಲ್ಲ ಕಡೆ ಮಾಡುತ್ತಾರೆ. ಅವರು ಜೊತೆಗೆ ಮಾಡಿದ್ದು ಮೂರು. ನೀರಾವರಿಗೆ ಬೋರ್‌ವೆಲ್ ಇಲ್ಲ, ತೆರೆದ ಬಾವಿ ಮಾತ್ರ. ಕಬ್ಬು, ಬಾಳೆ ಇಲ್ಲ. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಬಿದ್ದ ಮಳೆ, ಬಾವಿಯ ಮಟ್ಟ ಅಳೆದು ಗ್ರಾಮಸಭೆಯಲ್ಲಿ ಲೆಕ್ಕ ಇಡುತ್ತಾರೆ. ಕುಡಿಯಲು ಇಷ್ಟು, ದನಕ್ಕೆ ಇಷ್ಟು, ಉಳಿದದ್ದರಲ್ಲಿ ಯಾವ ಬೆಳೆ ಎಷ್ಟು ಎಕರೆ ಅಂತ. ಕೇಂದ್ರದ ಅಟಲ್ ಭೂಜಲ ಯೋಜನೆಯಲ್ಲೂ ಇದೇ ನೀರಿನ ಬಜೆಟ್ ಮಾಡಿ ಅಂತ ಪಂಚಾಯಿತಿಗಳಿಗೆ ಹೇಳಿದರು, ಕರ್ನಾಟಕವೂ ಅದರಲ್ಲಿತ್ತು. ಬಜೆಟ್ ಬರೆಯುವುದು ಸುಲಭ, ಕಬ್ಬು ಬೇಡ ಅನ್ನುವುದು ಕಷ್ಟ.

ಕೆ.ಸಿ. ವ್ಯಾಲಿ, ಅಂದರೆ ಕೋರಮಂಗಲ-ಚಲ್ಲಘಟ್ಟ ಕಣಿವೆಯ ನೀರಿನ ಯೋಜನೆ, ಅದರ ಬಗ್ಗೆ ಹೇಳದೆ ಹೋದರೆ ನೀವು ಬಿಡಲ್ಲ. 2018ರಲ್ಲಿ ಬೆಂಗಳೂರಿನ ಕೊಳಚೆ ನೀರು ಎರಡು ಹಂತ ಶುದ್ಧವಾಗಿ ಇಲ್ಲಿನ ಕೆರೆಗೆ ಬಂತು. ಅದು ಸಾಕಷ್ಟು ಶುದ್ಧವೇ ಅನ್ನುವ ಜಗಳ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಮೂರನೇ ಹಂತದ ಶುದ್ಧೀಕರಣ ಆಗಬೇಕು ಅನ್ನುವವರ ಪರ ನಾನು. ಆದರೆ ಇವತ್ತಿನ ಮಾತಿಗೆ ಬೇಕಾದದ್ದು ಬೇರೆ. ಆ ನೀರನ್ನು ಕೆರೆಯಿಂದ ನೇರವಾಗಿ ಎತ್ತುವ ಹಾಗಿಲ್ಲ, ಇಂಗಬೇಕು ಅಂತ ನಿಯಮ. ಬೋರುಗಳಿಗೆ ಜೀವ ಬಂತು. ತಟ್ಟೆಗೆ ಐದರ ಬದಲು ಎಂಟು ಬೀಜ ಹಾಕಿದ ಹಾಗಾಯಿತು. ಆಟದ ನಿಯಮ ಬದಲಾಗಲಿಲ್ಲ. ನಿಯಮ ಬದಲಾಗದೆ ಬೀಜ ಜಾಸ್ತಿ ಹಾಕಿದರೆ ಟೊಮೆಟೊ ಜಾಸ್ತಿಯಾಗುತ್ತದೆ, ಅಷ್ಟೇ.

ನನ್ನ ಮಾತು ಇಷ್ಟು. ಪ್ರಶ್ನೆ ಕೇಳಿ.

ಮೊದಲು ಎದ್ದದ್ದು ಬಿ.ಕಾಂ. ಓದುವ ಹುಡುಗ. "ಸಾರ್, ನಮ್ಮಪ್ಪನ್ನ ಒಪ್ಪಿಸಿ ನಾವೊಬ್ಬರೇ ಟೊಮೆಟೊ ಬಿಟ್ಟು ರಾಗಿ ಇಟ್ಟರೆ ಏನಾಗುತ್ತೆ?"

ಏನೂ ಆಗಲ್ಲ ಅಂದೆ. ನೀವು ಉಳಿಸಿದ ನೀರು ಪಕ್ಕದವರ ಟೊಮೆಟೊಗೆ ಹೋಗುತ್ತದೆ. ನಿಮ್ಮಪ್ಪನಿಗೆ ಆ ಉಪದೇಶ ಮಾಡಬೇಡ. ಅದರ ಬದಲು ನಿಮ್ಮ ಬೋರಿನ ಸುತ್ತ ಯಾರ್ಯಾರ ಬೋರಿದೆ ಅಂತ ಒಂದು ಹಾಳೆಯಲ್ಲಿ ಬರೆ. ಹತ್ತೋ ಹದಿನೈದೋ ಇರುತ್ತವೆ. ಫೇಲ್ ಆದ ಬೋರ್ ಒಂದಾದರೂ ಇರುತ್ತದೆ. ಅದರೊಳಕ್ಕೆ ಹಗ್ಗಕ್ಕೆ ಭಾರ ಕಟ್ಟಿ ಬಿಟ್ಟು ತಿಂಗಳಿಗೊಮ್ಮೆ ನೀರು ಎಷ್ಟು ಅಡಿಯಲ್ಲಿದೆ ಅಂತ ಅಳೆ, ಆಮೇಲೆ ಮುಚ್ಚಳ ಮರೆಯದೆ ಹಾಕು. ಆ ಅಂಕಿಯನ್ನು ಹಾಲಿನ ಡೈರಿಯ ಗೋಡೆ ಮೇಲೆ ಬರೆ, ಬೆಳಗ್ಗೆ ಸಂಜೆ ಎಲ್ಲರೂ ಅಲ್ಲಿಗೆ ಬರುತ್ತಾರೆ. ಅನಂತಪುರ, ಚಿತ್ತೂರು ಕಡೆ ರೈತರು ಮಳೆ, ಬೋರಿನ ಮಟ್ಟ ತಾವೇ ಅಳೆದು ಊರಿಗೆಲ್ಲ ಕಾಣುವ ಹಾಗೆ ಬರೆದ ಉದಾಹರಣೆ ಇದೆ. ಯಾರೂ ಯಾರಿಗೂ ನಿಲ್ಲಿಸು ಅಂತ ಹೇಳಲಿಲ್ಲ. ಅಂಕಿ ನೋಡಿ ಬೆಳೆ ಬದಲಾಯಿಸಿದವರು ಬದಲಾಯಿಸಿದರು.

ಆಮೇಲೆ ಹಿಂದಿನ ಸಾಲಿನಿಂದ ಒಬ್ಬ ಅಕ್ಕ ಎದ್ದರು. ಅವರದ್ದು ಪ್ರಶ್ನೆಯೇ ಅಲ್ಲ. "ನೀವು ಹೇಳಿದ್ದು ಹೊಸದೇನಲ್ಲ ಸಾರ್. ನಮ್ಮ ಸ್ತ್ರೀಶಕ್ತಿ ಸಂಘದಲ್ಲಿ ವಾರ ವಾರ ಲೆಕ್ಕದ ಪುಸ್ತಕ ಓದ್ತೀವಿ. ಯಾರು ಕಟ್ಟಿದ್ರು, ಯಾರು ಕಟ್ಟಿಲ್ಲ, ಎಲ್ಲರಿಗೂ ಗೊತ್ತು. ಅದಕ್ಕೇ ಸಾಲ ವಾಪಸ್ ಬರುತ್ತೆ. ಆದ್ರೆ ಒಂದು ವಾರ ಕೈಲಿ ದುಡ್ಡಿಲ್ದೆ ಬಂದೋಳ ಮುಖ ನೋಡ್ಬೇಕು ನೀವು. ಎಲ್ಲರ ಮುಂದೆ ಹೆಸರು ಓದೋದು ಸುಲಭ ಅಂದ್ಕೋಬೇಡಿ." ನಾನು ಹೆಸರು ಸಮೇತ ಪಟ್ಟಿ ಅಂತ ಅಷ್ಟು ಹೊಗಳಿದ್ದೆ. ಈ ಮಗ್ಗುಲನ್ನು ಅವರಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ. ಹಾಗಾದರೆ ಏನು ಮಾಡುತ್ತೀರಿ ಅಂತ ಕೇಳಿದೆ. "ಮೊದಲನೇ ಸಲ ಸುಮ್ನಿರ್ತೀವಿ. ಎರಡನೇ ಸಲ ಇಬ್ಬರು ಮನೆಗೆ ಹೋಗಿ ಕೇಳ್ತೀವಿ. ಮೂರನೇ ಸಲ ದಂಡ." ಆಸ್ಟ್ರಮ್ ಲೋಕವೆಲ್ಲ ಸುತ್ತಿ, ಬಹಳ ಕಾಲ ಬಾಳಿದ ಏರ್ಪಾಡುಗಳಲ್ಲಿ ದಂಡ ಸಣ್ಣದರಿಂದ ಶುರುವಾಗಿ ಮೆಲ್ಲಗೆ ಏರುತ್ತದೆ ಅಂತ ಬರೆದಿದ್ದಾರೆ ಅಂದೆ. ಅಕ್ಕನಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. "ಬೋರ್‌ವೆಲ್ ಮೀಟಿಂಗಿಗೆ ನಮ್ಮನ್ನ ಕರೆಯಲ್ಲವಲ್ಲ, ಅದು ಹೇಳಿ" ಅಂತ ಕೂತರು.

ಕೊನೆಗೆ ಒಬ್ಬ ಯಜಮಾನರು. ಕರೆಂಟು ಉಚಿತ ತೆಗೀಬೇಕು ಅಂತೀರಾ ಅಂತ ನೇರವಾಗಿ ಕೇಳಿದರು. ತೆಗೆಯಬೇಕಿಲ್ಲ, ಆದರೆ ಮೀಟರ್ ಇರಲಿ ಅಂದೆ. ಬಿಲ್ಲು ಸೊನ್ನೆ ಬರಲಿ, ಯೂನಿಟ್ ಎಷ್ಟು ಅನ್ನುವುದು ಗೊತ್ತಾಗಲಿ.

"ಮೀಟರ್ ಇಟ್ಟ ಮೇಲೆ ಬಿಲ್ಲು ಎಷ್ಟು ದಿನ ಸೊನ್ನೆ ಇರುತ್ತೆ ಸ್ವಾಮಿ?" ಅಂದರು. ಇಡೀ ಹಾಲ್ ಚಪ್ಪಾಳೆ ಹೊಡೆಯಿತು, ನನಗಲ್ಲ, ಅವರಿಗೆ.

ಅವರ ಅನುಮಾನಕ್ಕೆ ಕಾರಣ ಇದೆ. ಸರ್ಕಾರದ ಮೀಟರ್ ಬೇಡ, ಹಾಗಾದರೆ ಊರಿನದ್ದೇ ಒಂದು ಪುಸ್ತಕ ಇಡಿ ಅಂದೆ. ಯಾರ ಮೋಟಾರು ದಿನಕ್ಕೆ ಎಷ್ಟು ಗಂಟೆ ಓಡಿತು ಅಂತ ಬರೆಯಿರಿ, ಅಧಿಕಾರಿಗಳಿಗೆ ತೋರಿಸಬೇಡಿ. ಯಜಮಾನರು ಸ್ವಲ್ಪ ಹೊತ್ತು ಯೋಚಿಸಿ, "ಅದು ಆಗಬಹುದು. ಪುಸ್ತಕ ಯಾರ ಮನೇಲಿ ಇರಬೇಕು?" ಅಂದರು. ಒಬ್ಬರು ಡೈರಿ ಕಾರ್ಯದರ್ಶಿ ಹೆಸರು ಹೇಳಿದರು, ಅವನದ್ದೇ ನಾಲ್ಕು ಬೋರಿದೆ ಅಂತ ಇನ್ನೊಬ್ಬರು. ಮೇಷ್ಟ್ರ ಮನೆ ಅಂದರೆ ಅವರು ಊರಲ್ಲೇ ಇರಲ್ಲ. ಸ್ತ್ರೀಶಕ್ತಿ ಸಂಘಕ್ಕೆ ಕೊಡಿ ಅಂತ ಹಿಂದಿನ ಸಾಲಿನಿಂದ ಕೂಗು ಬಂತು, ಗಂಡಸರ ಕಡೆಯಿಂದ ಒಂದು ಗೊಣಗಾಟ. ಗ್ರಂಥಾಲಯದವರು ಬಾಗಿಲು ಹಾಕಬೇಕು ಅಂತ ಬಂದು ನಿಂತಾಗಲೂ ಈ ಚರ್ಚೆ ನಡೆದೇ ಇತ್ತು. ನಾನು ಬಸ್ಸಿಗೆ ಹೊರಟೆ, ಅವರು ಹೊರಗೆ ಕಟ್ಟೆ ಮೇಲೆ ಮುಂದುವರಿಸಿದರು.